ಮೌನಿ ದೂರು ಕೊಡುವುದಿಲ್ಲ

ಮಾರ್ಚ್ 2, ಭಾನುವಾರ

ಬೆಳಗಿನ ಫುಟ್‌ಬಾಲ್ ಮ್ಯಾಚ್ ಆಡಿಸಿ ಮನೆಗೆ ಬಂದರೆ ಹಾಲ್‌ನ ಮೂಲೆಯಲ್ಲಿ ದೊಡ್ಡ ಪಂಜರ ಕೂತಿತ್ತು. ಇವಳ ತಮ್ಮನ ಕೆಲಸ. ಹಡಗಿನ ಅಡುಗೆಮನೆಯಲ್ಲಿ ಮೂರು ವಾರದ ಬದಲಿ ಕೆಲಸ ಸಿಕ್ಕಿದೆಯಂತೆ, ಸಮುದ್ರದ ಮಧ್ಯೆ ಫೋನ್ ಸಿಗುವುದಿಲ್ಲವಂತೆ, ತನ್ನ ಎರಡು ಗಿನಿಪಿಗ್‌ಗಳನ್ನು ಅಕ್ಕ-ಭಾವನ ಕೈಗಲ್ಲದೆ ಇನ್ಯಾರ ಕೈಗೆ ಕೊಡಲಿ ಅಂತೆ. ಮದುವೆಯಾಗದ ಗಂಡಸು, ಆ ಎರಡು ಪ್ರಾಣಿಗಳೇ ಅವನ ಸಂಸಾರ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಭಾವ, ಇವಕ್ಕೇನಾದ್ರೂ ಆದ್ರೆ ನಾನು ಮನುಷ್ಯನಾಗಿ ಉಳಿಯಲ್ಲ" ಎಂದ. "ನಾನಿದ್ದೀನಿ ಹೋಗೋ" ಎಂದೆ. ಇಪ್ಪತ್ತೆರಡು ಜನ ದಾಂಡಿಗರನ್ನು ಒಂದು ಸೀಟಿಯಲ್ಲಿ ಕುಣಿಸುವ ರೆಫರಿಗೆ ಬಾಲವಿಲ್ಲದ ಎರಡು ಇಲಿ ಯಾವ ಲೆಕ್ಕ.

ಅವನಿಟ್ಟ ಹೆಸರುಗಳು ಯಾವುದೋ ರಾಣಿಯರವು, ನನ್ನ ನಾಲಿಗೆಗೆ ಹೊರಳುವುದಿಲ್ಲ. ಕಂದು ಬಣ್ಣದ್ದು ಫ್ರಿಜ್ ಬಾಗಿಲು ತೆಗೆದರೆ ಸಾಕು, ಮನೆಗೆ ಕಳ್ಳರು ನುಗ್ಗಿದಂತೆ ಕಿರುಚುತ್ತದೆ. ಅದು ಗಲಾಟೆ. ಬಿಳಿಯದು ತುಟಿ ಪಿಟಕ್ಕೆನ್ನುವುದಿಲ್ಲ. ಅದು ಮೌನಿ. ನನಗೆ ಮೌನಿ ನೋಡಿದ ಕೂಡಲೇ ಹಿಡಿಸಿತು. ಆಟಗಾರ ಅಂದರೆ ಹೀಗಿರಬೇಕು.

ಇವತ್ತಿನ ಮ್ಯಾಚ್‌ನಲ್ಲಿ ನಾಲ್ವರು ಕಾಲು ಹಿಡಿದು ಹುಲ್ಲಿನ ಮೇಲೆ ಹೊರಳಾಡಿದರು. ನಾಲ್ವರಿಗೂ ನಾಟಕಕ್ಕಾಗಿ ಹಳದಿ ಕಾರ್ಡ್. ನೋವು ಅನ್ನುವುದು ಅರ್ಧ ನಾಟಕ, ಇನ್ನರ್ಧ ಸೋಮಾರಿತನ. ನಾನೀಗ ಮೈದಾನದ ತುಂಬ ಓಡುವುದನ್ನು ಬಿಟ್ಟು ಮಧ್ಯದಲ್ಲೇ ನಿಂತು ತೀರ್ಪು ಕೊಡುತ್ತೇನೆ. ಅನುಭವ ಬಂದಮೇಲೆ ಓಡುವ ಅಗತ್ಯ ಇರುವುದಿಲ್ಲ.

ಮಾರ್ಚ್ 3, ಸೋಮವಾರ

ಗಲಾಟೆ: ಫ್ರಿಜ್‌ಗೆ ಕಿರುಚಿತು, ಪ್ಲಾಸ್ಟಿಕ್ ಚೀಲದ ಸದ್ದಿಗೆ ಕಿರುಚಿತು, ನಾನು ಸೀನಿದ್ದಕ್ಕೆ ಕಿರುಚಿತು. ಮೌನಿ: ದೂರಿಲ್ಲ.

ಮಾರ್ಚ್ 6, ಗುರುವಾರ

ಮೌನಿಯ ಶಿಸ್ತು ದಿನದಿಂದ ದಿನಕ್ಕೆ ಹೆಚ್ಚುತ್ತಿದೆ. ಗೋಡೆಯ ಕಡೆ ಮುಖ ಮಾಡಿ, ಬೆನ್ನು ಗುಂಡಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಯೋಗಿಯಂತೆ ಕೂರುತ್ತದೆ. ಸೌತೆಕಾಯಿ ಇಟ್ಟರೆ ಬಂದು ಮೂಸುತ್ತದೆ, ಬಾಯಿ ಹಾಕುವ ಹಾಗೆ ಮಾಡಿ ತಿರುಗಿ ಹೋಗುತ್ತದೆ. ಒಳ್ಳೆಯ ಮುಂಪಡೆಯ ಆಟಗಾರ ಎದುರಾಳಿಗೆ ಆಸೆ ತೋರಿಸಿ ತಪ್ಪಿಸಿಕೊಳ್ಳುವುದು ಹೀಗೆಯೇ. ಬಟ್ಟಲು ಮಾತ್ರ ಸಂಜೆಗೆ ಖಾಲಿ, ಹಾಗಾಗಿ ಎರಡೂ ಹೊಟ್ಟೆ ತುಂಬ ತಿನ್ನುತ್ತಿವೆ ಎಂದಾಯಿತು. ಗದ್ದ ಒದ್ದೆಯಾಗಿತ್ತು. ನೀರು ಕುಡಿಯುವ ರೀತಿ ಸ್ವಲ್ಪ ಒರಟು.

ಇವಳು ಕೆಲಸದಿಂದ ಬಂದವಳೇ ಪಂಜರದ ಮುಂದೆ ಕೂತು, "ಬಿಳೀದು ಯಾಕೋ ಮಂಕಾಗಿದೆ ಕಣ್ರೀ" ಎಂದಳು. ಇವಳು ನೀರು ಸರಬರಾಜು ಕಚೇರಿಯಲ್ಲಿ ಫೋನ್‌ನಲ್ಲಿ ದೂರು ಬರೆದುಕೊಳ್ಳುವವಳು, ಎಲ್ಲದರಲ್ಲೂ ದೂರು ಹುಡುಕುವ ಅಭ್ಯಾಸ.

"ಮಾತು ಬೆಳ್ಳಿ, ಮೌನ ಬಂಗಾರ" ಎಂದೆ.

"ನಮ್ಮ ಆಫೀಸಲ್ಲಿ ಹಾಗಲ್ಲ. ನಲ್ಲಿ ತೊಟ್ಟಿಕ್ಕಿದ್ರೆ ಜನ ಫೋನಲ್ಲಿ ಕಿರುಚ್ತಾರೆ. ತಿಂಗಳಾನುಗಟ್ಟಲೆ ನೀರೇ ಬರದವ್ರು ಫೋನೇ ಮಾಡಲ್ಲ."

ನಾನು ಕೆಲಸ ಮಾಡುವ ಬೂಟಿನ ಅಂಗಡಿಯಲ್ಲಿ ಇವತ್ತು ಹೊಸ ಪದ್ಧತಿ ತಂದೆ. ಬೂಟು ಹಾಕಿ ನೋಡಲು ಬಂದ ಗಿರಾಕಿಗಳ ಮುಂದೆ ನಾನು ಮಂಡಿಯೂರುವ ಬದಲು, ಅವರ ಕಾಲನ್ನೇ ಎತ್ತರದ ಸ್ಟೂಲ್ ಮೇಲೆ ಇಡಿಸುತ್ತೇನೆ. ಗಿರಾಕಿಗೆ ಗೌರವ ಕೊಟ್ಟ ಹಾಗೆ. ಒಬ್ಬ ದಪ್ಪಗಿನ ಹೆಂಗಸು ಸ್ಟೂಲ್ ಸಮೇತ ಉರುಳಿಬಿದ್ದಳು, ಆದರೆ ಪದ್ಧತಿ ಒಳ್ಳೆಯದು.

ಮಾರ್ಚ್ 8, ಶನಿವಾರ

ಬೆಳಗ್ಗೆಯಿಂದ ಗಲಾಟೆಯ ಕಿರುಚಾಟ ನಿಲ್ಲಲಿಲ್ಲ. ಪಂಜರದ ಸರಳು ಹಿಡಿದು ಕಡಿಯಿತು, ಮೌನಿಯ ಸುತ್ತ ಓಡಿತು, ಮತ್ತೆ ನನ್ನ ಕಡೆ ತಿರುಗಿ ಕಿರುಚಿತು. ನಾಟಕ ಗುರುತಿಸುವುದರಲ್ಲಿ ನನ್ನ ಕೂದಲು ನೆರೆತಿದೆ, ಆದರೂ ಇಷ್ಟು ಹೊತ್ತು ಯಾರು ತಾನೆ ನಾಟಕವಾಡುತ್ತಾರೆ. ಭಾವಮೈದುನನಿಗೆ ಕೊಟ್ಟ ಮಾತು ನೆನಪಾಯಿತು. ಬೂಟಿನ ಡಬ್ಬಕ್ಕೆ ತೂತು ಮಾಡಿ, ಟವೆಲ್ ಹಾಸಿ, ಗಲಾಟೆಯನ್ನು ಹಾಕಿಕೊಂಡು ಪ್ರಾಣಿ ಡಾಕ್ಟರಮ್ಮನ ಹತ್ತಿರ ಓಡಿದೆ. ಓಡಿದೆ ಅಂದರೆ ನಡೆದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕನ್ನಡಕ ಹಣೆಯ ಮೇಲೆ. ಗಲಾಟೆಯ ಬಾಯಿ, ಹೊಟ್ಟೆ, ಪಾದ ಎಲ್ಲ ನೋಡಿದರು. ತೂಕ ನೋಡಿದರು. ಮತ್ತೊಮ್ಮೆ ತೂಕ ನೋಡಿದರು.

"ಇದಕ್ಕೇನೂ ಆಗಿಲ್ಲ ಸರ್. ಇದು ಇಬ್ಬರ ಊಟ ತಿಂತಿರೋ ಹಾಗಿದೆ. ಮನೇಲಿ ಇನ್ನೊಂದಿದ್ಯಾ?"

"ಇದೆ. ಅದಕ್ಕೇನೂ ತೊಂದರೆ ಇಲ್ಲ. ಸದ್ದೇ ಮಾಡಲ್ಲ."

ಅವರು ಕನ್ನಡಕ ಇಳಿಸಿದರು. "ಹೇಗೆ ಕೂರುತ್ತೆ?"

ನಾನು ಮೌನಿಯ ಶಿಸ್ತನ್ನು ಹೆಮ್ಮೆಯಿಂದ ವರ್ಣಿಸಿದೆ. ಗುಂಡಗಿನ ಬೆನ್ನು, ಅರ್ಧ ಮುಚ್ಚಿದ ಕಣ್ಣು, ಸೌತೆಕಾಯಿಗೆ ಕೊಡುವ ಚಕ್ಕರ್, ಒದ್ದೆ ಗದ್ದ. ನಾನು ಒಂದೊಂದು ಹೇಳಿದ ಹಾಗೂ ಡಾಕ್ಟರಮ್ಮನ ಮುಖ ಇಳಿಯುತ್ತ ಹೋಯಿತು. ಕೊನೆಗೆ, "ಸರ್, ಅದನ್ನ ಈಗ್ಲೇ ತನ್ನಿ. ಸಂಜೆಗಲ್ಲ, ಈಗ್ಲೇ" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದನ್ನು ಕೇಳಿದ್ದೆ. ಎಮ್ಮೆಯನ್ನು ಡಬ್ಬದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದವನು ನಾನೊಬ್ಬನೇ ಇರಬೇಕು.

ಇವಳಿಗೆ ಫೋನ್ ಮಾಡಿದೆ. ಮೌನಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಎತ್ತಿ ನೋಡಿದರೆ ರೋಮದೊಳಗೆ ಮೈಯೇ ಇಲ್ಲ. ಒಳಗಿನ ದವಡೆ ಹಲ್ಲು ಬೆಳೆದು ಚೂಪಾಗಿ ನಾಲಿಗೆಗೆ ಚುಚ್ಚುತ್ತಿದೆಯಂತೆ. ಹಸಿವಾಗಿ ಬಟ್ಟಲ ಹತ್ತಿರ ಬರುತ್ತದೆ, ಬಾಯಿ ಹಾಕಿದರೆ ಚುಚ್ಚುತ್ತದೆ, ತಿರುಗಿ ಹೋಗುತ್ತದೆ. ಅದರ ಪಾಲನ್ನು ಗಲಾಟೆ ತಿಂದು ಬಟ್ಟಲು ಖಾಲಿ ಮಾಡುತ್ತಿತ್ತು.

"ಇವು ನೋವನ್ನ ಮುಚ್ಚಿಡ್ತವೆ ಸರ್" ಎಂದರು ಡಾಕ್ಟರಮ್ಮ. "ಕಾಡಲ್ಲಿ ನೋವು ಅಂತ ತೋರಿಸ್ಕೊಂಡ್ರೆ ಹದ್ದು, ನರಿ ಮೊದಲು ಅದನ್ನೇ ಹಿಡಿಯುತ್ತೆ. ಅದಕ್ಕೇ ನಾವು ನೋಡ್ಬೇಕಾದ್ದು ಬೇರೆ. ತಿನ್ನೋದು ಕಮ್ಮಿ ಆಯ್ತಾ, ಹಿಕ್ಕೆ ಕಮ್ಮಿ ಆಯ್ತಾ, ರೋಮ ನಿಗರಿದ್ಯಾ, ಹಲ್ಲು ಕಟಕಟ ಅನ್ಸುತ್ತಾ, ಮೂಲೆ ಹಿಡೀತಾ. ದಿನಾ ಎರಡನ್ನೂ ಬೇರೆಬೇರೆ ತೂಕ ಹಾಕಿ. ಖಾಲಿ ಬಟ್ಟಲನ್ನ ನಂಬಬೇಡಿ."

ನೋವಿಗೆ ದ್ರವದ ಔಷಧಿ ಕೊಟ್ಟರು, ಗಂಜಿ ಮಾಡಿ ಸಿರಿಂಜಿನಲ್ಲಿ ಕುಡಿಸಲು ಹುಲ್ಲಿನ ಪುಡಿ ಕೊಟ್ಟರು. ಇವತ್ತು ನಾಳೆ ನೋವು ಇಳಿದು ಒಂದಿಷ್ಟು ಶಕ್ತಿ ಬರಲಿ, ಸೋಮವಾರ ಅರಿವಳಿಕೆ ಕೊಟ್ಟು ಹಲ್ಲಿನ ಚೂಪನ್ನು ಅರದಿಂದ ಉಜ್ಜೋಣ ಎಂದರು. ಬದುಕುತ್ತಾ ಎಂದು ಕೇಳಿದೆ. "ತಿನ್ನೋಕೆ ಶುರು ಮಾಡಿದ್ರೆ ಬದುಕುತ್ತೆ" ಎಂದರು. ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಂತುಹೋಗುವ ಪ್ರಾಣಿಯಂತೆ.

ಔಷಧಿ ಸಾಲದಿದ್ದರೆ ಇರಲಿ ಎಂದು ನನ್ನ ಜೇಬಿನ ನೋವಿನ ಮಾತ್ರೆ ತೋರಿಸಿ, "ಇದ್ರಲ್ಲಿ ಕಾಲು ಭಾಗ ಕೊಡಬಹುದಾ" ಎಂದೆ.

"ಮನುಷ್ಯರ ಮಾತ್ರೆ ಒಂದು ಚೂರೂ ಕೊಡಬೇಡಿ, ಸತ್ತೇಹೋಗುತ್ತೆ. ಅಂದ ಹಾಗೆ ಇಷ್ಟು ಪವರಿಂದು ನೀವ್ಯಾಕೆ ನುಂಗ್ತೀರಿ?"

"ತಲೆನೋವಿಗೆ" ಎಂದೆ. ಇವಳು ನನ್ನ ತಲೆಯನ್ನು ನೋಡಲಿಲ್ಲ, ಕಾಲನ್ನು ನೋಡಿದಳು. ಯಾಕೋ ಗೊತ್ತಿಲ್ಲ.

ಮಾರ್ಚ್ 10, ಸೋಮವಾರ

ಮೌನಿಯ ಹಲ್ಲು ಅರದಿಂದ ಉಜ್ಜಿದರು. ಅರಿವಳಿಕೆ ಇಳಿದು ಎದ್ದಿತು. ಗಲಾಟೆಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆವು, ಜೊತೆಗಾರ್ತಿ ಹತ್ತಿರವಿದ್ದರೆ ಧೈರ್ಯವಂತೆ. ಕಾಯುವ ಕೋಣೆಯಲ್ಲಿ ಅದು ಒಂದು ನಾಯಿಯ ಮೇಲೆ ಕಿರುಚಿ, ಆ ನಾಯಿ ಯಜಮಾನನ ಕಾಲಿನ ಕೆಳಗೆ ಅಡಗಿಕೊಂಡಿತು.

ಮಾರ್ಚ್ 11, ಮಂಗಳವಾರ

ಮೌನಿ ತಾನಾಗಿ ತಿನ್ನಲಿಲ್ಲ.

ಮಾರ್ಚ್ 12, ಬುಧವಾರ

ತಿನ್ನಲಿಲ್ಲ. ಭಾವಮೈದುನನಿಗೆ ಏನೆಂದು ಹೇಳಲಿ.

ಮಾರ್ಚ್ 13, ಗುರುವಾರ

ಸಿರಿಂಜಿನಲ್ಲಿ ಊಟ ಮಾಡಿಸುವುದು ಹೀಗೆ: ಟವೆಲ್‌ನಲ್ಲಿ ಸುತ್ತಬೇಕು, ಮುಖ ಮಾತ್ರ ಹೊರಗಿರಬೇಕು, ಹಲ್ಲಿನ ಪಕ್ಕದ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು, ಅಗಿದು ನುಂಗುವ ತನಕ ಕಾಯಬೇಕು. ಕೇಳುವುದಕ್ಕೆ ಸುಲಭ. ಮೊದಲ ಸಲ ಹುಲ್ಲಿನ ಗಂಜಿ ನನ್ನ ಮೀಸೆಗೆ ಹೋಯಿತು, ಎರಡನೆಯ ಸಲ ಇವಳ ಕಿವಿಗೆ, ಮೂರನೆಯ ಸಲ ಗೋಡೆಯ ಗಡಿಯಾರಕ್ಕೆ. ಈಗ ಅರ್ಧ ಗಂಜಿಯಾದರೂ ಬಾಯಿಗೆ ಹೋಗುತ್ತದೆ. ನೋವಿನ ಔಷಧಿ ಸಿಹಿಯಾಗಿರುತ್ತದಂತೆ. ಅದರ ಸೀಸೆ ತೆಗೆದರೆ ಗಲಾಟೆ ಎರಡು ಕಾಲ ಮೇಲೆ ನಿಂತು ತನಗೂ ಬೇಕೆಂದು ಹಟ ಮಾಡುತ್ತದೆ. ಏನೂ ಆಗದವರೇ ಔಷಧಿಗೆ ಮುಂದೆ ಬರುವುದು ಮೈದಾನದಲ್ಲೂ ಇದೆ.

ಊಟ ಮಾಡಿಸುವಾಗ ಮೌನಿಯ ಕಿವಿಯಲ್ಲಿ, "ನೋವಾದ್ರೆ ಕಿರುಚು ಮಗಳೇ, ಕಾರ್ಡ್ ತೋರಿಸಲ್ಲ" ಎಂದೆ. ಇವಳು ಕೇಳಿಸಿಕೊಂಡು ಬಾಗಿಲಿಗೆ ಒರಗಿ ನಕ್ಕಳು. ಮನೆಯಲ್ಲಿ ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ಆಮೇಲೆ ಇವಳು ಫ್ರಿಜ್ ಮೇಲೆ ಅಂಟಿಸಿದ, ಡಾಕ್ಟರಮ್ಮ ನೋವಿನ ಲಕ್ಷಣ ಬರೆದುಕೊಟ್ಟ ಚೀಟಿಯನ್ನು ಜೋರಾಗಿ ಓದಿದಳು. "ಓಡಾಟ ಕಮ್ಮಿ. ಹತ್ತೋದು ಇಳಿಯೋದು ತಪ್ಪಿಸೋದು. ಮುಟ್ಟಿದ್ರೆ ಸಿಡುಕೋದು. ಏನೂ ಆಗಿಲ್ಲ ಅನ್ನೋ ಹಾಗೆ ಕೂರೋದು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ, ನನ್ನ ಕೈ ಯಾಕೋ ಮಂಡಿಯ ಮೇಲಿತ್ತು. ಕೈಗೆ ಎಲ್ಲಾದರೂ ಇರಬೇಕಲ್ಲ.

ಅಂಗಡಿಯಲ್ಲಿ ಒಬ್ಬ ಹುಡುಗಿ ಬಿಗಿಯಾದ ಬೂಟು ಹಾಕಿಕೊಂಡು "ಸರಿಯಾಗಿದೆ ಅಂಕಲ್" ಎಂದಳು. ಕಣ್ಣು ಅರ್ಧ ಮುಚ್ಚಿತ್ತು, ಬೆನ್ನು ಬಗ್ಗಿತ್ತು, ದವಡೆ ಬಿಗಿದಿತ್ತು. "ಸರಿಯಾಗಿಲ್ಲಮ್ಮ, ನಿನಗೆ ನೋವಾಗ್ತಿದೆ" ಎಂದು ಆ ಬೂಟನ್ನು ಮಾರಲು ಒಪ್ಪಲಿಲ್ಲ. ಯಜಮಾನರು ಆಮೇಲೆ ನನ್ನನ್ನು ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು.

ಮಾರ್ಚ್ 16, ಭಾನುವಾರ

ಲೀಗ್‌ನ ಫೈನಲ್. ಇವತ್ತಿನದನ್ನು ಬರೆಯದಿರುವುದೇ ವಾಸಿ. ಆದರೆ ಸೋಫಾದಿಂದ ಏಳುವ ಹಾಗಿಲ್ಲ, ಪೆನ್ನು ಕೈಗೆ ಸಿಗುವಷ್ಟು ಹತ್ತಿರ ಇದೆ.

ಬೆಳಗ್ಗೆ ಮೌನಿಗೆ ಊಟ ಮಾಡಿಸಿ, ಬೂಟಿನ ಡಬ್ಬದಲ್ಲಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹೊರಟೆ. ತೂಕ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಮೈದಾನದಲ್ಲೂ ಅದೇ ಯೋಚನೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಲೀಗ್‌ನ ನಾಟಕದ ಸರದಾರ, ಉದ್ದ ಕೂದಲಿನವನು, ದೊಪ್ಪೆಂದು ಬಿದ್ದು ಉರುಳಿದ. ಹತ್ತಿರ ಹೋಗಿ ಮುಖ ನೋಡಿದೆ. ಕಣ್ಣು ಪೂರ್ತಿ ತೆರೆದಿದೆ, ಕೂದಲು ನಿಗರಿಲ್ಲ, ನಾನು ಕಾರ್ಡ್ ತೆಗೆಯುತ್ತೇನೋ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಾನೆ. "ಏಳಪ್ಪ, ನೀನು ಗಲಾಟೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಆಗ ನನ್ನ ಕಣ್ಣು ಆ ಕಡೆಯ ಗೋಲ್‌ಕೀಪರ್ ಮೇಲೆ ಬಿತ್ತು. ಚೆಂಡು ಅವನಿಂದ ಬಹಳ ದೂರದಲ್ಲಿತ್ತು. ಅವನು ಕಂಬದ ಪಕ್ಕ, ಮೈದಾನಕ್ಕೆ ಬೆನ್ನು ಮಾಡಿ, ಭುಜ ಗುಂಡಗೆ ಮಾಡಿಕೊಂಡು ನಿಂತಿದ್ದ. ಸದ್ದಿಲ್ಲ. ನಾನು ಸೀಟಿ ಊದಿ ಆಟ ನಿಲ್ಲಿಸಿದೆ.

ಎರಡೂ ತಂಡದವರು ನನ್ನ ಸುತ್ತ ಮುತ್ತಿದರು. "ಫೌಲ್ ಯಾರ್ದು ಸಾರ್?"

"ಯಾರದೂ ಅಲ್ಲ. ಅವನಿಗೆ ನೋವಿದೆ."

"ಅವನು ಏನೂ ಹೇಳ್ಲಿಲ್ವಲ್ಲ ಸಾರ್."

"ಅದಕ್ಕೇ."

ಕೀಪರ್ ಹತ್ತಿರ ಹೋಗಿ, "ಬೆಳಗ್ಗೆ ಏನಾದ್ರೂ ತಿಂದ್ಯಾ? ಹಿಕ್ಕೆ ಸರಿಯಾಗಿ ಆಗ್ತಿದ್ಯಾ?" ಎಂದು ಕೇಳಿದೆ. ಬಾಯಿ ತಪ್ಪಿ ಬಂದ ಮಾತು. ಹಿಂದೆ ಯಾರೋ ನಕ್ಕರು. ಅವನು ಬೆಚ್ಚಿ ಕೈಗವಸು ತೆಗೆದ. ಬೆರಳು ಊದಿ ಸೌತೆಕಾಯಿಯಾಗಿತ್ತು. ನಿನ್ನೆ ಅಭ್ಯಾಸದಲ್ಲಿ ಮುರಿದುಕೊಂಡವನು ಫೈನಲ್ ತಪ್ಪೀತೆಂದು ಯಾರಿಗೂ ಹೇಳಿರಲಿಲ್ಲ. ಪ್ರೇಕ್ಷಕರು ಚಪ್ಪಾಳೆ ಕೂಡ ತಟ್ಟಿದರು. ಮೂವತ್ತು ವರ್ಷದಲ್ಲಿ ರೆಫರಿಗೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆರಳನ್ನು ಸರಿಯಾಗಿ ನೋಡೋಣವೆಂದು ಅವನನ್ನು ಕೂರಿಸಿ ಮುಂದೆ ಮಂಡಿಯೂರಿದೆ. ಮಂಡಿ ಊರಿತು, ಮತ್ತೆ ಏಳಲಿಲ್ಲ. ಏಳಲು ನೋಡಿದೆ. ಇನ್ನೊಮ್ಮೆ ನೋಡಿದೆ. ಬೆರಳನ್ನೇ ಬಹಳ ಆಳವಾಗಿ ಪರೀಕ್ಷೆ ಮಾಡುತ್ತಿರುವ ಹಾಗೆ ನಟಿಸಿದೆ. ಎಷ್ಟು ಹೊತ್ತು ಅಂತ ಒಬ್ಬ ಮನುಷ್ಯ ಒಂದು ಬೆರಳನ್ನು ನೋಡಬಹುದು. ಕೊನೆಗೆ ಆ ಕೀಪರನೇ ಮೆಲ್ಲಗೆ, "ಸಾರ್, ನಿಮ್ಮ ಕಣ್ಣು ಅರ್ಧ ಮುಚ್ಚಿದೆ" ಎಂದ.

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೂ ಇಲ್ಲ, ಮೀಸೆಯಲ್ಲಿ ಬೆಳಗಿನ ಗಂಜಿ ಇನ್ನೂ ಇತ್ತಂತೆ. ನನ್ನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಮುಂದಿನ ಹಿಡಿ ಹಿಡಿದಿದ್ದವನು ಆ ಉದ್ದ ಕೂದಲಿನವನೇ. ಗೆರೆ ದಾಟುವಾಗ ಬಗ್ಗಿ ನನ್ನ ಕಿವಿಯಲ್ಲಿ, "ನಾಟಕ ಅಲ್ಲ ತಾನೆ ಸಾರ್?" ಎಂದು ಕೇಳಿದ. ತುಂಬ ಗೌರವದಿಂದಲೇ ಕೇಳಿದ.

ಮಾರ್ಚ್ 17, ಸೋಮವಾರ

ಮೂಳೆ ಡಾಕ್ಟರು, "ಯಾವಾಗಿಂದ ನೋವು?" ಎಂದು ಕೇಳಿದರು. "ನಿನ್ನೆಯಿಂದ" ಎಂದೆ. ಇವಳು ಕೈಯಾಡಿಸಿ, "ಚಳಿಗಾಲದಿಂದ ಡಾಕ್ಟ್ರೇ. ಮೆಟ್ಟಿಲು ಹತ್ತೋವಾಗ ಗೋಡೆ ಸವರ್ಕೊಂಡು ಹತ್ತುತ್ತಾರೆ. ಕೇಳಿದ್ರೆ ಧೂಳು ನೋಡ್ತಿದೀನಿ ಅಂತಾರೆ" ಎಂದಳು.

ಮಂಡಿಯ ಒಳಗಿನ ಮೆತ್ತೆ ಹರಿದಿದೆ. ಕಂಡ ಕಂಡ ಮಾತ್ರೆ ನುಂಗುವುದು ನಿಲ್ಲಬೇಕು, ಕೊಟ್ಟ ಮಾತ್ರೆ ಊಟದ ಮೇಲೆ ನುಂಗಬೇಕು, ವ್ಯಾಯಾಮ ಮಾಡಬೇಕು, ಓಡುವುದು ಸದ್ಯಕ್ಕೆ ಬೇಡ. ಇವಳು ಪಂಜರದ ಪಕ್ಕಕ್ಕೇ ಸೋಫಾ ಎಳೆದು, "ಇಬ್ರಿಗೂ ಒಂದೇ ಸಲ ಔಷಧಿ ಕೊಟ್ರೆ ನನಗೂ ಸುಲಭ" ಎಂದಳು. ಕೊಡುವಾಗ ನನಗೂ ಟವೆಲ್ ಸುತ್ತಲೇ ಎಂದು ಕೇಳಿದಳು.

ನಾನು ಕೋಪ ಮಾಡಿಕೊಳ್ಳಲಿಲ್ಲ. ಚಳಿಗಾಲದಿಂದ ಇವಳು ನೋಡುತ್ತಲೇ ಇದ್ದಳಲ್ಲ.

ಮಾರ್ಚ್ 18, ಮಂಗಳವಾರ

ಮೌನಿ ತಿಂದಿತು.

ನಡೆದದ್ದು ಇದು. ಗಲಾಟೆ ಒಂದು ಉದ್ದನೆಯ ಹುಲ್ಲಿನ ಎಳೆಯನ್ನು ಬಾಯಲ್ಲಿಟ್ಟುಕೊಂಡು ಆನಂದವಾಗಿ ಒಳಗೆಳೆದುಕೊಳ್ಳುತ್ತಿತ್ತು. ಮೌನಿ ಮೂಲೆಯಿಂದ ಎದ್ದು ಬಂತು. ಇನ್ನೊಂದು ತುದಿಯನ್ನು ಮೂಸಿತು. ಮತ್ತೆ ತಿರುಗಿ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಆ ತುದಿಯನ್ನು ಕಚ್ಚಿ, ಗಲಾಟೆಯ ಬಾಯಿಂದಲೇ ಜಗ್ಗಿ ಕಿತ್ತುಕೊಂಡು, ಕರಕರ ಅಗಿಯಿತು. ಅಗಿದು ನುಂಗಿತು. ಇನ್ನೊಂದು ಎಳೆ ಎಳೆದುಕೊಂಡಿತು.

ಕಣ್ಣೆದುರೇ ನಡೆದ ದರೋಡೆ. ಗಲಾಟೆ ನನ್ನ ಕಡೆ ತಿರುಗಿ ನ್ಯಾಯಕ್ಕಾಗಿ ಬೊಬ್ಬೆ ಹೊಡೆಯಿತು. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ, ಏನೂ ಕಾಣಲಿಲ್ಲ.

ಮಾರ್ಚ್ 21, ಶುಕ್ರವಾರ

ತೂಕ ಏರಿದೆ. ಸಿರಿಂಜು ನಿಲ್ಲಿಸಬಹುದು ಎಂದರು ಡಾಕ್ಟರಮ್ಮ. ಮೌನಿ ಇವತ್ತು ಪಂಜರದ ನಡುವೆ ನಿಂತಲ್ಲೇ ಪಟಪಟ ಎಗರಿತು, ಬಾಣಲೆಯ ಕಾಳಿನ ಹಾಗೆ. ಸಂತೋಷವಾದರೆ ಇವು ಹೀಗೆ ಎಗರುತ್ತವಂತೆ. ಇಷ್ಟು ದಿನ ನಾನು ಶಿಸ್ತು ಅಂದುಕೊಂಡಿದ್ದು ನೋವನ್ನು.

ಮಾರ್ಚ್ 23, ಭಾನುವಾರ

ಭಾವಮೈದುನ ಬಂದ. ಬಾಗಿಲಲ್ಲೇ, "ತೊಂದ್ರೆ ಏನೂ ಕೊಡ್ಲಿಲ್ಲ ತಾನೆ ಭಾವ?" ಎಂದ. ನಾನು ಕೂರಿಸಿ ಶುರು ಮಾಡಿದೆ. ದವಡೆ ಹಲ್ಲು, ಹಿಕ್ಕೆ, ತೂಕ, ಸಿರಿಂಜನ್ನು ಹಿಡಿಯುವ ಕೋನ. ಟೀ ತಣ್ಣಗಾಗಿ ಎರಡನೆಯ ಸಲ ಬಂತು, ಅದೂ ತಣ್ಣಗಾಯಿತು. ಅವನು ಮೌನಿಯನ್ನು ಎದೆಗೊತ್ತಿಕೊಂಡು ಅತ್ತ, ಮೌನಿ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ದಿನಾ ಬೇರೆಬೇರೆ ತೂಗಬೇಕೆಂದು ಆಣೆ ಮಾಡಿಸಿಕೊಂಡೆ.

ಪಂಜರ ಹೋಯಿತು. ಹಾಲ್ ಈಗ ದೊಡ್ಡದಾಗಿ ಕಾಣುತ್ತದೆ. ಒಳ್ಳೆಯದೇ ಆಯಿತು.

ಮಾರ್ಚ್ 25, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ. ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟೆ, ಉಪ್ಪು ಹೆಚ್ಚಾಗಿತ್ತು. ಇವಳು ಉಪ್ಪು ಸರಿಯಾಗಿದೆ ಎಂದಳು. ಫ್ರಿಜ್ ತೆಗೆದೆ, ಯಾರೂ ಏನೂ ಅನ್ನಲಿಲ್ಲ, ಮುಚ್ಚಿದೆ. ಮತ್ತೆ ತೆಗೆದೆ. ಆಮೇಲೆ ಪಂಜರವಿದ್ದ ಮೂಲೆಯ ಕಡೆ ತಿರುಗಿ ಕೂತಿದ್ದೆ, ಆ ಕಡೆ ಗಾಳಿ ಚೆನ್ನಾಗಿ ಬರುತ್ತದೆ.

ಇವಳು ಬಂದು ಎದುರಿಗೆ ನಿಂತಳು. "ಏನಾಯ್ತ್ರೀ?"

"ಏನಿಲ್ಲ."

ಇವಳು ಹೋಗಲಿಲ್ಲ. ಬಗ್ಗಿ ನನ್ನ ಕಣ್ಣು ನೋಡಿದಳು, ಬೆನ್ನು ನೋಡಿದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ನೋವಾಗ್ತಿದೆ ಕಣೇ" ಎಂದೆ.

"ಮಂಡಿನಾ?"

"ಮಂಡಿ ಅಲ್ಲ."

ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಪಕ್ಕದಲ್ಲಿ ಕೂತು, ಒಂದು ಕೈ ನನ್ನ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ತಮ್ಮನಿಗೆ ಫೋನ್ ಹಚ್ಚಿದಳು.

"ಲೋ, ಅವೆರಡನ್ನೂ ಎತ್ಕೊಂಡು ಸಂಜೆ ಬಂದ್ಬಿಡೋ. ಒಂದು ವಾರ ಇಲ್ಲೇ ಇರ್ಲಿ. ಯಾಕೆ ಅಂದ್ರೆ, ಇಲ್ಲೊಂದು ಊಟ ಬಿಟ್ಟು ಮೂಲೆ ಹಿಡ್ಕೊಂಡು ಕೂತಿದೆ."